ಜನವರಿ ಒಂಬತ್ತಕ್ಕೆ ನಿಂತ ಡೈರಿ: ಎಡಿಎಚ್‌ಡಿ ಇರುವವರು ದಿನ ಪ್ಲಾನ್ ಮಾಡುವುದು ಹೇಗೆ?

ನಮ್ಮ ಮನೆಯ ಅಟ್ಟದಲ್ಲಿ ಹನ್ನೊಂದು ಡೈರಿಗಳಿವೆ. ಎಲ್ಲದರಲ್ಲೂ ಜನವರಿ ಎಂಟೋ ಒಂಬತ್ತೋ ತನಕ ಮುತ್ತಿನಂಥ ಅಕ್ಷರ. ಆಮೇಲೆ ಖಾಲಿ. ಒಂದರಲ್ಲಿ ಮಾತ್ರ ಆಗಸ್ಟ್ ತಿಂಗಳ ಪುಟದಲ್ಲಿ ದೋಸೆ ಹಿಟ್ಟಿನ ಅಳತೆ ಇದೆ. ಮೂವತ್ತೇಳನೇ ವಯಸ್ಸಿನಲ್ಲಿ ಡಾಕ್ಟರು ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಸುವ ತೊಂದರೆ ಇದೆ ಅಂದಾಗ ಮೊದಲು ನೆನಪಾದದ್ದು ಈ ಡೈರಿಗಳೇ. ಈಗ ತಮ್ಮನದೂ ಅದೇ ಕಥೆ. ಅವನ ಕಪಾಟಿನಲ್ಲಿ ಆರಿವೆ.

ಈ ತೊಂದರೆ ದೊಡ್ಡವರಾದ ಮೇಲೆ ಹೊಸದಾಗಿ ಹುಟ್ಟುವುದಲ್ಲ. ಹನ್ನೆರಡು ವರ್ಷ ತುಂಬುವ ಮೊದಲೇ ಕೆಲವು ಲಕ್ಷಣ ಕಂಡಿರಬೇಕು ಎಂಬುದು ವೈದ್ಯರ ಲೆಕ್ಕ. ಆದರೆ ಹೇಗೋ ಪಾಸಾಗುತ್ತಾ ಬಂದವರಿಗೆ 'ಸೋಮಾರಿ' ಅನ್ನುವ ಹೆಸರೇ ಸಾಕಾಗಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದನ್ನು ಒಂದು ಬಗೆಯ ಸಮಯದ ಕುರುಡು ಅನ್ನುತ್ತಾರೆ. ನಮಗೆ ಇರುವುದು ಎರಡೇ ಹೊತ್ತು: 'ಈಗ' ಮತ್ತು 'ಆಮೇಲೆ'. ಮುಂದಿನ ಮಂಗಳವಾರವೂ ಮುಂದಿನ ವರ್ಷವೂ ಒಂದೇ ದೂರ. ಆದ್ದರಿಂದ ತಲೆಯೊಳಗೆ ಪ್ಲಾನ್ ಇಟ್ಟುಕೊಳ್ಳುವುದು ಬಿಡಿ. ಅದನ್ನು ಹೊರಗೆ, ಕಣ್ಣಿಗೆ ಬೀಳುವ ಹಾಗೆ ಇಡಬೇಕು.

1. ಮುಳ್ಳಿನ ಗಡಿಯಾರ ಹಾಕಿ

ಅಡುಗೆಮನೆಗೊಂದು, ಕೆಲಸದ ಮೇಜಿನ ಎದುರಿಗೊಂದು, ಬಚ್ಚಲಿನಲ್ಲೊಂದು. ಮುಳ್ಳು ಸರಿಯುವುದು ಕಂಡರೆ ಹೊತ್ತು ಹೋಗುವುದು ಗೊತ್ತಾಗುತ್ತದೆ. ಟೈಮ್ ನೋಡಲು ಮೊಬೈಲ್ ತೆಗೆದವರು ಇಪ್ಪತ್ತು ನಿಮಿಷ ರೀಲ್ಸ್ ನೋಡಿ, ಟೈಮ್ ಮಾತ್ರ ನೋಡದೇ ವಾಪಸ್ ಇಡುತ್ತಾರೆ. ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಡುವ ಹಳೇ ಉಪಾಯ ಬೇಡ. ಎರಡನೇ ದಿನದಿಂದಲೇ ಮನಸ್ಸು ಆ ಹತ್ತು ನಿಮಿಷ ಕಳೆದು ಲೆಕ್ಕ ಹಾಕುತ್ತದೆ.

2. ಬರೆಯಲು ಒಂದೇ ಜಾಗ

ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಆ ಗೋಡೆ ಕ್ಯಾಲೆಂಡರ್ ಸಾಕು. ದಿನಕ್ಕೆ ಮೂರೇ ಕೆಲಸ. ಆ್ಯಪ್ ಬೇಡ ಅನ್ನುವುದು ನನ್ನ ಖಡಕ್ ಸಲಹೆ. ನಾನೊಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿ, ಇಡೀ ಭಾನುವಾರ ಕೂತು ಕೆಲಸಗಳಿಗೆಲ್ಲ ಬಣ್ಣ ಹಚ್ಚಿದೆ. ಕೆಲಸವೇ ಮುಗಿದಷ್ಟು ಖುಷಿಯಾಯಿತು. ಮತ್ತೆ ಅದನ್ನು ತೆರೆದದ್ದು ಮುಂದಿನ ವರ್ಷ ಖಾತೆಯಿಂದ ತಾನಾಗಿಯೇ ದುಡ್ಡು ಕಟ್ ಆದಾಗ.

3. ಅಂದಾಜು ಹಾಕಬೇಡಿ, ಅಳೆಯಿರಿ

ಹೊತ್ತನ್ನು ಕಡಿಮೆ ಅಂದಾಜು ಮಾಡುವುದು ಎಲ್ಲರ ಚಾಳಿ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್, ಏಮೋಸ್ ಟ್ವರ್ಸ್ಕಿ 1979ರಲ್ಲೇ ಈ ತಪ್ಪಿಗೆ 'ಪ್ಲಾನಿಂಗ್ ಫ್ಯಾಲಸಿ' ಅಂತ ಹೆಸರು ಇಟ್ಟಿದ್ದಾರೆ. ನಮ್ಮದು ಇನ್ನೊಂದು ಕೈ ಜಾಸ್ತಿ, ಅಷ್ಟೇ. ಮೂರು ದಿನ ಗಡಿಯಾರ ನೋಡಿ ಬರೆದುಕೊಳ್ಳಿ. ನನ್ನ 'ಐದು ನಿಮಿಷದ' ಸ್ನಾನಕ್ಕೆ ನಿಜವಾಗಿ ಹಿಡಿದದ್ದು ಹತ್ತೊಂಬತ್ತು ನಿಮಿಷ. ಸೀರೆ ಉಡುವ ದಿನದ ಲೆಕ್ಕ ಇಲ್ಲಿ ಬೇಡ.

4. ಹಿಂದಿನಿಂದ ಎಣಿಸುವುದು

ಎಲ್ಲರೂ ಎಡವುವುದು ಇಲ್ಲಿಯೇ.

ತಮ್ಮನಿಗೆ ಒಮ್ಮೆ ಹತ್ತೂವರೆಗೆ ನೋಂದಣಿ ಕಚೇರಿಯಲ್ಲಿ ಕೆಲಸ. ದಾರಿ ಅರ್ಧ ಗಂಟೆ. ಹತ್ತಕ್ಕೆ ಹೊರಟರಾಯಿತು ಅಂದುಕೊಂಡ. ಹತ್ತಕ್ಕೆ ಕುರ್ಚಿಯಿಂದ ಎದ್ದ. ಹೆಲ್ಮೆಟ್ ಹುಡುಕಿದ, ಗಾಡಿಗೆ ಪೆಟ್ರೋಲ್ ಹಾಕಿಸಿದ. ಆಧಾರ್ ಪ್ರತಿ ಬೇಕೆಂದು ಝೆರಾಕ್ಸ್ ಅಂಗಡಿಗೆ ಹೋದ. ಅವಸರದಲ್ಲಿ ಪ್ರತಿ ಮಾತ್ರ ತಗೊಂಡು, ಅಸಲಿ ಕಾರ್ಡನ್ನು ಯಂತ್ರದ ಗಾಜಿನ ಮೇಲೇ ಬಿಟ್ಟು ಬಂದ. ಆ ದಿನದ ಕೆಲಸ ಅಲ್ಲಿಗೇ ಹೋಯಿತು.

ಈಗ ಅವನಿಂದ ಹೀಗೆ ಬರೆಸುತ್ತೇನೆ, ಕೊನೆಯಿಂದ ಮೊದಲಿಗೆ. 10.30ಕ್ಕೆ ಕೌಂಟರ್ ಮುಂದೆ. 10.15ಕ್ಕೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದು. 9.45ಕ್ಕೆ ಗಾಡಿ ಸ್ಟಾರ್ಟ್. 9.35ಕ್ಕೆ ಕಾಲಿಗೆ ಚಪ್ಪಲಿ. 9.20ಕ್ಕೆ ಲ್ಯಾಪ್‌ಟಾಪ್ ಮುಚ್ಚುವುದು.

ಆ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ. ಹೊರಡುವ ಹೊತ್ತು ಬೇರೆ, ಕೈಯಲ್ಲಿರುವುದನ್ನು ಬಿಡುವ ಹೊತ್ತು ಬೇರೆ. ಒಂದರಲ್ಲಿ ಮುಳುಗಿದ ಮೇಲೆ ಅದರಿಂದ ಏಳುವುದೇ ನಮಗೆ ದೊಡ್ಡ ಕೆಲಸ. ಅದಕ್ಕೂ ಹೊತ್ತು ಬೇಕು. ಹಾಗಾಗಿ ಅಲಾರಂ ಇಡಬೇಕಾದ್ದು 9.45ಕ್ಕಲ್ಲ, 9.20ಕ್ಕೆ. ಇನ್ನೊಂದು 9.35ಕ್ಕೆ. ಅಲಾರಂಗೆ ಹೆಸರು ಕೊಡುವಾಗ 'ನೋಂದಣಿ ಕಚೇರಿ' ಅಂತ ಬರೆಯಬೇಡಿ. 'ಲ್ಯಾಪ್‌ಟಾಪ್ ಮುಚ್ಚು', 'ಚಪ್ಪಲಿ ಹಾಕು' ಅಂತ ಬರೆಯಿರಿ. ಫೋನನ್ನು ಚಪ್ಪಲಿ ಸ್ಟ್ಯಾಂಡ್ ಮೇಲೆ ಇಡಿ. ಅದನ್ನು ಬಂದ್ ಮಾಡಲಾದರೂ ಏಳಲೇಬೇಕು. ಕೈಗೆ ಸಿಗುವ ಹಾಗಿದ್ದರೆ ಸ್ನೂಜ್ ಒತ್ತಿ ಮರೆಯುತ್ತೀರಿ, ನನಗೆ ಗೊತ್ತು.

ಕಾಗದಪತ್ರ, ಗಾಡಿ ಕೀಲಿ, ಪೆನ್ನು ಎಲ್ಲ ಹಿಂದಿನ ರಾತ್ರಿಯೇ ಚೀಲಕ್ಕೆ. ಚೀಲ ಬಾಗಿಲ ಹಿಡಿಗೆ ತೂಗುಬೇಕು, ಬಾಗಿಲು ತೆರೆದರೆ ಕೈಗೆ ತಾಗುವ ಹಾಗೆ. ಝೆರಾಕ್ಸ್ ಕೂಡ ಹಿಂದಿನ ದಿನವೇ.

ಎಲ್ಲ ಸರಿಹೋಗಿ ಹತ್ತು ನಿಮಿಷ ಮೊದಲೇ ರೆಡಿ ಆದಿರಿ ಅಂದುಕೊಳ್ಳಿ. ಅಪಾಯ ಇರುವುದು ಈ ಹತ್ತು ನಿಮಿಷದಲ್ಲಿ. 'ಇನ್ನೂ ಟೈಮ್ ಇದೆ, ಗಿಡಕ್ಕೆ ನೀರು ಹಾಕೋಣ' ಅನ್ನಿಸುತ್ತದೆ. ಪೈಪ್ ತೂತಾಗಿರುವುದು ಕಾಣುತ್ತದೆ. ಅದಕ್ಕೆ ಸುತ್ತಲು ಟೇಪ್ ಹುಡುಕುತ್ತೀರಿ. ಬಸ್ಸು ಹೋಗಿರುತ್ತದೆ. ರೆಡಿ ಆದ ಕೂಡಲೇ ಮನೆಯಿಂದ ಹೊರಗೆ ಕಾಲಿಡಿ. ಉಳಿದ ಹೊತ್ತನ್ನು ಹೋದ ಜಾಗದಲ್ಲಿ ಕಾಫಿ ಕುಡಿದು ಕಳೆಯಿರಿ.

5. ಶುರು ಮಾಡುವುದು

'ಇನ್‌ಕಮ್ ಟ್ಯಾಕ್ಸ್ ರಿಟರ್ನ್' ಅಂತ ಬರೆದರೆ ತಿಂಗಳಾದರೂ ಅದು ಅಲ್ಲೇ ಇರುತ್ತದೆ. 'ಫಾರ್ಮ್ 16 ಡೌನ್‌ಲೋಡ್ ಮಾಡು' ಅಂತ ಬರೆಯಿರಿ. ಇಟಲಿಯ ಫ್ರಾನ್ಸೆಸ್ಕೋ ಸಿರಿಲ್ಲೋ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದಲು ಕೂರುತ್ತಿದ್ದರಂತೆ. ಪೊಮೊಡೊರೊ ಪದ್ಧತಿ ಬಂದದ್ದು ಹಾಗೆ: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಮೊದಮೊದಲು ನನಗೆ 25 ಜಾಸ್ತಿಯಾಯಿತು. ಹತ್ತರಿಂದ ಶುರು ಮಾಡಿ.

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಪಕ್ಕದಲ್ಲೊಬ್ಬರು ಇರುವುದು. ಟ್ಯಾಕ್ಸ್ ಕಾಗದ ಹರಡಿಕೊಂಡ ದಿನ ಅಮ್ಮನನ್ನು ಕರೆಯುತ್ತೇನೆ. "ಅಮ್ಮಾ, ಸುಮ್ನೆ ಇಲ್ಲಿ ಕೂತ್ಕೋ, ಏನೂ ಕೇಳ್ಬೇಡ." ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂರುತ್ತಾಳೆ. ಎರಡು ಕಟ್ಟು ಮುಗಿಯುವುದರೊಳಗೆ ನನ್ನ ಅರ್ಧ ಕೆಲಸ ಆಗಿರುತ್ತದೆ. ಊರಲ್ಲಿ ಒಬ್ಬರೇ ಇರುವವರು ಗೆಳೆಯರಿಗೆ ವಿಡಿಯೊ ಕಾಲ್ ಮಾಡಿ ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಬಹುದು. ಹರಟೆ ಮಾತ್ರ ಬೇಡ.

ಜ್ಞಾಪಕಶಕ್ತಿಯ ಪುಡಿ, 'ಫೋಕಸ್' ಕ್ಯಾಪ್ಸೂಲ್‌ಗಳಿಗೆ ದುಡ್ಡು ಸುರಿಯಬೇಡಿ. ಗೆಳೆಯರ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಎಡಿಎಚ್‌ಡಿಗೆ ನಿಜವಾದ ಔಷಧ ಇದೆ, ಅದನ್ನು ಮನೋವೈದ್ಯರೇ ನೋಡಿ ಬರೆದುಕೊಡಬೇಕು. ಯಾರನ್ನು ಕಾಣುವುದು ಅಂತ ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

6. ತಪ್ಪಿದಾಗ

ತಪ್ಪುತ್ತದೆ. ಆಗ ಬಿಟ್ಟುಹೋದ ದಿನಗಳನ್ನು ತುಂಬಲು ಕೂರಬೇಡಿ. ಹನ್ನೊಂದು ಡೈರಿ ಸತ್ತದ್ದು ಅದರಿಂದಲೇ. ಇವತ್ತಿನ ಚೌಕದಲ್ಲಿ ಮೂರು ಕೆಲಸ ಬರೆದು ಮುಂದೆ ಹೋಗಿ. ಕಳೆದ ವಾರ ನಾನೂ ನಾಲ್ಕು ದಿನ ಏನೂ ಬರೆದಿಲ್ಲ. ಆ ಚೌಕಗಳಲ್ಲಿ ಈಗ ಅಮ್ಮನ ಹಾಲಿನ ಲೆಕ್ಕ ಇದೆ.