ಶಾಂತಿಯ ಕಛೇರಿಗೆ ಯುವ ವಾದಕರ ತಾಲೀಮು ನಡೆಸುವ ಬಗೆ

ಶಾಂತಿಯ ಆಶಯದಿಂದ ಏರ್ಪಡಿಸುವ ಕಛೇರಿಗಳಿಗೆ ಬೇರೆ ಬೇರೆ ಶಾಲೆ, ಸಮುದಾಯಗಳಿಂದ, ಕೆಲವೊಮ್ಮೆ ಪರಸ್ಪರ ವೈರದಲ್ಲಿರುವ ದೇಶಗಳಿಂದಲೂ ಯುವ ವಾದಕರು ಬರುತ್ತಾರೆ. ಆದ್ದರಿಂದ ತಾಲೀಮು ಆರಂಭವಾಗುವ ಮುನ್ನವೇ ಯಾರ ಪಕ್ಕದಲ್ಲಿ ಯಾರು ಕೂರಬೇಕೆಂಬುದನ್ನು ಯೋಚಿಸಿ ನಿರ್ಧರಿಸಿರಬೇಕು. ಅದನ್ನು ಮಕ್ಕಳಿಗೇ ಬಿಟ್ಟರೆ ಪರಿಚಿತರು ಪರಿಚಿತರೊಂದಿಗೆ ಗುಂಪುಗೂಡುತ್ತಾರೆ, ಮತ್ತು ಆ ಗುಂಪುಗಳು ಕೊನೆಯ ದಿನದವರೆಗೂ ಒಡೆಯುವುದಿಲ್ಲ. ಪಿಟೀಲು ವಿಭಾಗದಲ್ಲಿ ಇಬ್ಬರಿಗೆ ಒಂದೇ ಸ್ವರಲಿಪಿಯ ಸ್ಟ್ಯಾಂಡ್ ಇರುವುದು ವಾಡಿಕೆ. ಸಭಿಕರ ಕಡೆ ಕುಳಿತವರು ನುಡಿಸುತ್ತಲೇ ಇರುತ್ತಾರೆ, ಒಳಗಡೆ ಕುಳಿತವರು ಪುಟ ಮಗುಚುತ್ತಾರೆ, ಕಮಾನನ್ನು ಎಲ್ಲಿ ಮೇಲಕ್ಕೆ ಎಲ್ಲಿ ಕೆಳಕ್ಕೆ ಎಳೆಯಬೇಕೆಂಬ ಗುರುತನ್ನು ಇಬ್ಬರಿಗೂ ಸೇರಿ ಒಂದೇ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ. ಅಪರಿಚಿತರಿಬ್ಬರನ್ನು ಹೀಗೆ ಒಂದು ಸ್ಟ್ಯಾಂಡಿನ ಮುಂದೆ ಕೂರಿಸಿದರೆ ಅವರು ಮಾತನಾಡದೆ ಕೆಲಸ ಸಾಗುವುದಿಲ್ಲ.

ವಾದ್ಯವೃಂದ ನಿರ್ದೇಶಕ ಡೇನಿಯಲ್ ಬ್ಯಾರೆನ್‌ಬೋಯಿಮ್ ಮತ್ತು ಪ್ಯಾಲೆಸ್ತೀನ್ ಮೂಲದ ಚಿಂತಕ ಎಡ್ವರ್ಡ್ ಸೈದ್ 1999ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಇಸ್ರೇಲಿ ಮತ್ತು ಅರಬ್ ಯುವ ಸಂಗೀತಗಾರರನ್ನು ಒಟ್ಟುಗೂಡಿಸಿ ವೆಸ್ಟ್-ಈಸ್ಟರ್ನ್ ದಿವಾನ್ ವಾದ್ಯವೃಂದವನ್ನು ಕಟ್ಟಿದಾಗ, ಹಗಲು ತಾಲೀಮು ನಡೆಸಿ, ಸಂಜೆಯ ಹೊತ್ತು ಮುಕ್ತ ಚರ್ಚೆಗೆ ಅವಕಾಶ ಕೊಟ್ಟಿದ್ದರು. ಆ ವೃಂದ 2005ರಲ್ಲಿ ಪ್ಯಾಲೆಸ್ತೀನಿನ ರಮಲ್ಲಾ ನಗರದಲ್ಲಿ ಕಛೇರಿ ನೀಡಿತು. ಈ ಕ್ರಮವನ್ನು ಸಣ್ಣ ಮಟ್ಟದಲ್ಲೂ ಅನುಸರಿಸಬಹುದು. ಭಿನ್ನಾಭಿಪ್ರಾಯಗಳನ್ನು ಅದುಮಿಡುವುದು ನನ್ನ ದೃಷ್ಟಿಯಲ್ಲಿ ತಪ್ಪು. ಅವುಗಳಿಗೆ ಒಂದು ಹೊತ್ತನ್ನು ಮೀಸಲಿಟ್ಟು, ತಾಲೀಮಿನ ಹೊತ್ತಿನಲ್ಲಿ ಸಂಗೀತವನ್ನಷ್ಟೇ ಮಾತನಾಡಬೇಕು.

ಇನ್ನು ಶ್ರುತಿಯ ವಿಷಯಕ್ಕೆ ಹೆಚ್ಚು ಗಮನ ಬೇಕು. ಪಾಶ್ಚಾತ್ಯ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯದವರು ಕೊಡುವ 'ಎ' ಸ್ವರಕ್ಕೆ ಎಲ್ಲರೂ ಶ್ರುತಿ ಸೇರಿಸುತ್ತಾರೆ. ಅದರ ಅಂತರರಾಷ್ಟ್ರೀಯ ಮಾನಕ 440 ಹರ್ಟ್ಸ್ ಆದರೂ ಯುರೋಪಿನ ಅನೇಕ ವೃಂದಗಳು 442 ಅಥವಾ ಅದಕ್ಕೂ ತುಸು ಮೇಲೆ ಇಟ್ಟುಕೊಳ್ಳುವುದರಿಂದ, ಯಾವುದನ್ನು ಬಳಸಬೇಕೆಂದು ಮೊದಲ ದಿನವೇ ಹೇಳಿಬಿಡಬೇಕು. ಕರ್ನಾಟಕ ಅಥವಾ ಹಿಂದುಸ್ತಾನಿ ಗಾಯಕರೂ ಜೊತೆಗಿದ್ದರೆ ಅವರವರ ಆಧಾರ ಷಡ್ಜ, ಅಂದರೆ ಹಾಡುಗಾರಿಕೆಗೆ ನೆಲೆಯಾದ 'ಸ' ಸ್ವರ, ಬೇರೆಬೇರೆಯಾಗಿರುತ್ತದೆ. ಆಗ ಕೀಬೋರ್ಡ್, ಪಿಯಾನೊ, ಕೊಳಲುಗಳಿಗೆ ಒಗ್ಗುವ ಒಂದು ಷಡ್ಜವನ್ನು ಆರಿಸಿ, ತಂತಿವಾದ್ಯಗಳು ಅದಕ್ಕೆ ಹೊಂದಿಕೊಳ್ಳುವಂತೆ ಮಾಡಬೇಕು, ಏಕೆಂದರೆ ಕೊಳಲಿನ ಶ್ರುತಿಯನ್ನು ತಂತಿಯ ಬಿಗಿಯಂತೆ ಬದಲಿಸಲಾಗದು. ಗಾಯಕರ ಧ್ವನಿಗೆ ಅದು ಎಟುಕುತ್ತದೆಯೇ ಎಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು. ಊದುವ ವಾದ್ಯಗಳು ಬೆಚ್ಚಗಾದಂತೆ ಶ್ರುತಿ ಏರುತ್ತದೆ. ಹಾಗಾಗಿ ಹತ್ತು ನಿಮಿಷ ನುಡಿಸಿದ ಮೇಲೆ ಮತ್ತೊಮ್ಮೆ ಎಲ್ಲರೂ ಶ್ರುತಿ ನೋಡಿಕೊಳ್ಳಲಿ.

ಕೃತಿಯನ್ನು ಆರಿಸುವಾಗ ತಂಡದಲ್ಲಿ ಎಲ್ಲರಿಗಿಂತ ಹಿಂದಿರುವ ವಾದಕರೂ ಕೆಲವೇ ವಾರಗಳಲ್ಲಿ ಆತ್ಮವಿಶ್ವಾಸದಿಂದ ನುಡಿಸಬಲ್ಲ ರಚನೆಯೇ ಇರಲಿ. ವಿಭಾಗವಾರು ತಾಲೀಮು ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿ ಮೊದಲು ನಿಧಾನ ಕಾಲದಲ್ಲಿ ನುಡಿಸಬೇಕು. ಗತಿ ಓಡಿಹೋಗುವ ಜಾಗಗಳು ಬಹುತೇಕ ಸುಲಭವಾದ ಸಾಲುಗಳಲ್ಲೇ ಇರುತ್ತವೆ, ಏಕೆಂದರೆ ಕಷ್ಟದ ಸಾಲುಗಳಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಅಂಥ ಸಾಲೊಂದನ್ನು ಎತ್ತಿಕೊಂಡು, ತಮ್ಮ ಭಾಗವನ್ನು ನುಡಿಸುತ್ತಲೇ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ, ತಗ್ಗು ಸ್ವರದ ವಾದ್ಯ) ಏನು ನುಡಿಸುತ್ತಿದೆ ಎಂಬುದನ್ನು ಕೇಳಿಸಿಕೊಳ್ಳಿ ಎಂದು ಪಿಟೀಲಿನವರಿಗೆ ಹೇಳಿ, ನಂತರ ಚೆಲ್ಲೋ ಭಾಗವನ್ನು ಅವರಿಂದಲೇ ಹಾಡಿಸಿ. ಇತರರನ್ನು ಆಲಿಸುವ ಅಭ್ಯಾಸವೇ ಇಂಥ ಕಛೇರಿಯ ಜೀವಾಳ. ವೇದಿಕೆಯ ಮೇಲಿನ ಯಾವ ಭಾಷಣವೂ ಅದರ ಸ್ಥಾನವನ್ನು ತುಂಬಲಾರದು.

ಒಂದು ತಾಲೀಮನ್ನಾದರೂ ಕಛೇರಿ ನಡೆಯುವ ಸಭಾಂಗಣದಲ್ಲೇ ಮಾಡಬೇಕು. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, 17 ಮೀಟರ್ ದೂರದಲ್ಲಿ ಕುಳಿತವರ ನುಡಿಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ತಡವಾಗಿ ಕೇಳುತ್ತದೆ. ಹಿಂದಿನ ಸಾಲಿನ ತಾಳವಾದ್ಯದವರು ಕಿವಿಯನ್ನೇ ನಂಬಿದರೆ ಹಿಂದುಳಿಯುತ್ತಾರೆ. ಅವರು ನಿರ್ದೇಶಕರ ಕೈಯನ್ನು ನೋಡಿಯೇ ನುಡಿಸಬೇಕು.

ಸೆಪ್ಟೆಂಬರ್ 21ರ ಅಂತರರಾಷ್ಟ್ರೀಯ ಶಾಂತಿ ದಿನಕ್ಕೆ ಕಛೇರಿ ಇಟ್ಟುಕೊಳ್ಳುವವರು ತಾಲೀಮಿನ ದಿನಗಳನ್ನು ಹಿಂದಿನಿಂದ ಎಣಿಸಿಕೊಂಡು ಬರುವುದು ಒಳ್ಳೆಯದು. ಹಿಂದಿನ ದಿನದ ತಾಲೀಮಿನಲ್ಲಿ ವೇದಿಕೆ ಏರುವ ಕ್ರಮ, ಕುರ್ಚಿಗಳ ಜೋಡಣೆ, ಕೃತಿಗಳ ನಡುವೆ ಸ್ಥಳ ಬದಲಿಸುವುದು ಇವನ್ನೆಲ್ಲ ಮಾಡಿ ನೋಡಬೇಕು. ಆದರೆ ಗಾಯಕರ ಗಂಟಲಿಗೂ ತುತ್ತೂರಿ ಊದುವವರ ತುಟಿಗೂ ದಣಿವಾಗದಂತೆ, ಕೃತಿಗಳನ್ನು ಒಂದೇ ಬಾರಿ ನುಡಿಸಿ ತಾಲೀಮು ಮುಗಿಸಬೇಕು.