ಹೊಸ್ತಿಲಲ್ಲಿ ನಿಂತ ಕಾಲು: ಪಾರ್ಕಿನ್ಸನ್ ಇರುವ ಹಿರಿಯರನ್ನು ನಡೆಸುವ ಬಗೆ

ನಮ್ಮ ತಂದೆಯವರಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾದ ಮೂರನೆಯ ವರ್ಷ, ಒಂದು ಬೆಳಿಗ್ಗೆ ಅವರು ಬಚ್ಚಲುಮನೆಯ ಹೊಸ್ತಿಲ ಮುಂದೆ ನಿಂತುಬಿಟ್ಟರು. ಹಜಾರದುದ್ದಕ್ಕೂ ಸರಾಗವಾಗಿ ನಡೆದು ಬಂದವರಿಗೆ ಅಲ್ಲಿ ಪಾದಗಳು ನೆಲಕ್ಕೆ ಅಂಟಿದಂತಾಗಿ, ಮೊಣಕಾಲುಗಳು ಸಣ್ಣಗೆ ಅದುರುತ್ತಿದ್ದವು. ಅವಸರದಲ್ಲಿದ್ದ ನಾನು “ಬನ್ನಿ ಅಪ್ಪ” ಎಂದು ಕೈ ಹಿಡಿದು ಎಳೆದೆ. ಮೈ ಮುಂದಕ್ಕೆ ಬಂತು, ಪಾದ ಬರಲಿಲ್ಲ. ಬಾಗಿಲ ಚೌಕಟ್ಟು ಕೈಗೆ ಸಿಗದಿದ್ದರೆ ಅವರು ಮುಗ್ಗರಿಸಿ ಬೀಳುತ್ತಿದ್ದರು. ಈ ಕಾಯಿಲೆ ಇರುವವರ ಮನೆಯವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು, ಅವರನ್ನು ಎಳೆಯಬಾರದು ಎಂಬುದನ್ನು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಒಳಭಾಗದಲ್ಲಿ ಡೋಪಮೈನ್ ಎಂಬ, ಚಲನೆಯ ಸಂದೇಶಗಳನ್ನು ಸಾಗಿಸುವ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ವರ್ಷಗಳ ಅವಧಿಯಲ್ಲಿ ನಶಿಸುತ್ತ ಹೋಗುತ್ತವೆ. ನಡೆಯುವುದು, ತಿರುಗುವುದು, ಕುರ್ಚಿಯಿಂದ ಏಳುವುದು ಮೊದಲಾಗಿ ನಾವು ಯೋಚಿಸದೆಯೇ ಮಾಡುವ ಚಲನೆಗಳನ್ನು ತಾನಾಗಿ ನಡೆಸಿಕೊಂಡು ಹೋಗುವ ವ್ಯವಸ್ಥೆ ಇದರಿಂದ ದುರ್ಬಲವಾಗುತ್ತದೆ. ಕಾಲಿನಲ್ಲಿ ಶಕ್ತಿ ಇದ್ದರೂ ಹೆಜ್ಜೆಗೆ ಚಾಲನೆ ಸಿಗುವುದಿಲ್ಲ. ಬಾಗಿಲು, ಇಕ್ಕಟ್ಟಾದ ಜಾಗ, ತಿರುವು, ಜನಸಂದಣಿ, ಫೋನ್ ಬಾರಿಸಿದಾಗಿನ ಗಡಿಬಿಡಿ, ಇಂಥ ಕಡೆಗಳಲ್ಲಿಯೇ ಕಾಲು ಕಟ್ಟಿದಂತಾಗುವುದು ಹೆಚ್ಚು. ಆದರೆ ಕಣ್ಣಿಗೊಂದು ಗುರುತು ಅಥವಾ ಕಿವಿಗೊಂದು ತಾಳ ಸಿಕ್ಕರೆ, ಅದನ್ನು ಹಿಡಿದುಕೊಂಡು ಅದೇ ಕಾಲು ಎದ್ದು ನಡೆಯಬಲ್ಲದು. ಸಮತಟ್ಟಾದ ನೆಲದಲ್ಲಿ ತಡವರಿಸುವವರು ಮೆಟ್ಟಿಲನ್ನು ಸಲೀಸಾಗಿ ಹತ್ತುವುದನ್ನು ಕಂಡು “ಮನಸ್ಸು ಮಾಡಿದರೆ ಆಗುತ್ತದೆ” ಎಂದು ಕೆಲವರು ಹೇಳುತ್ತಾರೆ. ಅದು ಅನ್ಯಾಯದ ಮಾತು. ಪ್ರತಿ ಮೆಟ್ಟಿಲಿನ ಅಂಚೂ ಕಣ್ಣಿಗೆ ಗುರುತಾಗಿ ಒದಗುವುದರಿಂದ ಅವರಿಗೆ ಅಲ್ಲಿ ಸುಲಭವಾಗುತ್ತದೆ.

ಕಾಲು ನಿಂತಾಗ ಮೊದಲು ನೀವೂ ನಿಲ್ಲಿ. ಎದುರಿಗೆ ನಿಲ್ಲದೆ, ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಂತು, ನೆಟ್ಟಗೆ ನಿಂತು ಒಮ್ಮೆ ಉಸಿರೆಳೆದುಕೊಳ್ಳಲು ಹೇಳಿ. ಆಮೇಲೆ ಮೈಯ ಭಾರವನ್ನು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಎರಡು ಮೂರು ಬಾರಿ ತೂಗಿಸಲಿ. ಭಾರ ಇಳಿದ ಕಾಲನ್ನು ಎತ್ತಿ “ಒಂದು, ಎರಡು, ಮೂರು, ದೊಡ್ಡ ಹೆಜ್ಜೆ” ಎಂಬ ಎಣಿಕೆಗೆ ಮುಂದಿಡಲಿ. ಸಂಗೀತದ ಅಭ್ಯಾಸವಿದ್ದ ನಮ್ಮ ತಂದೆಯವರಿಗೆ ಎಣಿಕೆಗಿಂತ ತೊಡೆಯ ಮೇಲೆ ತಾಳ ತಟ್ಟಿ “ತಕಧಿಮಿ” ಎಂದರೆ ಬೇಗ ಹಿಡಿಯುತ್ತಿತ್ತು. ಯಾರಿಗೆ ಯಾವುದು ಹಿಡಿಸುತ್ತದೆ ಎಂಬುದನ್ನು ಪ್ರಯತ್ನಿಸಿಯೇ ತಿಳಿಯಬೇಕು. ಪದೇ ಪದೇ ಕಾಲು ನಿಲ್ಲುವ ಬಾಗಿಲಿನ ಮುಂದೆ, ನಡೆಯುವ ದಿಕ್ಕಿಗೆ ಅಡ್ಡಲಾಗಿ, ಒಂದೊಂದು ಹೆಜ್ಜೆಯ ಅಂತರದಲ್ಲಿ ನಾಲ್ಕೈದು ಬಣ್ಣದ ಟೇಪುಗಳನ್ನು ಅಂಟಿಸಬಹುದು. ನಮ್ಮ ಮನೆಯ ಕೆಂಪು ಗಾರೆಯ ನೆಲದ ಮೇಲೆ ಹಳದಿ ಟೇಪು ಎದ್ದು ಕಂಡಿತು. ಮೊದಲ ಗೆರೆಯನ್ನು ದಾಟಿ ಪಾದ ಊರಿದ ಮೇಲೆ ಉಳಿದ ಗೆರೆಗಳನ್ನು ಅವರು ನಿಲ್ಲದೆ ದಾಟಿದರು. ಕಾಲೊರಸುಗಳನ್ನು ತೆಗೆದುಬಿಡಿ, ಹಜಾರದ ಟೀಪಾಯಿಯನ್ನು ಗೋಡೆಗೆ ಸರಿಸಿ, ರಾತ್ರಿ ಬಚ್ಚಲಿನ ದಾರಿಯಲ್ಲಿ ದೀಪವಿರಲಿ.

ತಿರುಗುವಾಗ ಬೀಳುವವರೇ ಹೆಚ್ಚು. ನಿಂತಲ್ಲೇ ಗಿರಕ್ಕನೆ ತಿರುಗುವ ಬದಲು, ಅರ್ಧಚಂದ್ರದ ಆಕಾರದಲ್ಲಿ ನಾಲ್ಕೈದು ಹೆಜ್ಜೆ ಹಾಕಿ ಸುತ್ತಿಕೊಂಡು ಬರುವುದನ್ನು ರೂಢಿ ಮಾಡಿಸಿ. ಹಿಂದಿನಿಂದ ಹೆಸರು ಹಿಡಿದು ಕೂಗಬೇಡಿ, ನಡೆಯುತ್ತಿರುವಾಗ ಪ್ರಶ್ನೆ ಕೇಳಬೇಡಿ, ಕೈಗೆ ಕಾಫಿ ಲೋಟ ಕೊಟ್ಟು ಕಳಿಸಬೇಡಿ. ನಡಿಗೆಗೇ ಪೂರ್ತಿ ಗಮನ ಬೇಕಾಗಿರುವಾಗ ಇನ್ನೊಂದು ಕೆಲಸ ಸೇರಿದರೆ ಹೆಜ್ಜೆ ತಪ್ಪುತ್ತದೆ. ಮಾತಾಡಬೇಕಾದರೆ ನಿಂತು ಮಾತಾಡಿ.

ಕುರ್ಚಿ ಗಟ್ಟಿಯಾಗಿಯೂ ಎತ್ತರವಾಗಿಯೂ ಇರಬೇಕು, ಕೈ ಊರಲು ತೋಳುಗಳಿರಬೇಕು. ತಗ್ಗಾದ ಸೋಫಾ ಬೇಡ. ಏಳುವ ಮೊದಲು ಅಂಚಿಗೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆಳೆದು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಒಂದೆರಡು ಸಲ ತೂಗಿ ಏಳಲಿ. ಎದ್ದ ಕೂಡಲೇ ನಡೆಯುವುದು ಬೇಡ. ಈ ಕಾಯಿಲೆಯಲ್ಲಿ, ಕೆಲವೊಮ್ಮೆ ಅದರ ಔಷಧಿಗಳಿಂದಲೂ, ನಿಂತಾಗ ರಕ್ತದೊತ್ತಡ ಇಳಿಯುವುದುಂಟು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ 3 ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ವೈದ್ಯರಿಗೆ ತಿಳಿಸಿ.

ಮಾತ್ರೆಯ ಹೊತ್ತಿಗೂ ನಡಿಗೆಗೂ ಬಹಳ ಹತ್ತಿರದ ಸಂಬಂಧವಿದೆ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಔಷಧವಾದ ಲೆವೊಡೋಪಾ ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ನಡೆದಾಡುವವರು ಅದು ಇಳಿಯುತ್ತಿದ್ದಂತೆ ಮತ್ತೆ ಬಿಗಿದುಕೊಳ್ಳುತ್ತಾರೆ. ಅರ್ಧ ಗಂಟೆಯ ತಡವೂ ಕೆಲವರಲ್ಲಿ ಎದ್ದು ಕಾಣುತ್ತದೆ. ಬೇಳೆ, ಮೊಸರು, ಮೊಟ್ಟೆಗಳಲ್ಲಿರುವ ಪ್ರೋಟೀನು ಈ ಔಷಧ ಮೈಗೆ ಹತ್ತುವುದನ್ನು ತಡೆಯಬಹುದಾದ್ದರಿಂದ, ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆಯ ನಂತರ ಮಾತ್ರೆ ಕೊಡಲು ಹೇಳುತ್ತಾರೆ. ಹಾಗೆಂದು ಪ್ರೋಟೀನನ್ನೇ ಬಿಡಿಸಬಾರದು. ಯಾವ ಹೊತ್ತಿಗೆ ಮಾತ್ರೆ, ಯಾವ ಹೊತ್ತಿಗೆ ನಡಿಗೆ ಚೆನ್ನಾಗಿತ್ತು, ಯಾವಾಗ ಕಾಲು ನಿಂತಿತು ಎಂದು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದು ನರರೋಗ ತಜ್ಞರಿಗೆ ತೋರಿಸಿದರೆ ಔಷಧ ಹೊಂದಿಸಲು ಅವರಿಗೆ ಬಹಳ ನೆರವಾಗುತ್ತದೆ. ಸ್ನಾನ, ವ್ಯಾಯಾಮ, ಹೊರಗೆ ಹೋಗುವುದು ಎಲ್ಲವನ್ನೂ ನಡಿಗೆ ಚೆನ್ನಾಗಿರುವ ಹೊತ್ತಿಗೇ ಇಟ್ಟುಕೊಳ್ಳಿ. ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯಕಾರಿ. ವಾಂತಿಗೆಂದು ಕೊಡುವ ಮೆಟೊಕ್ಲೋಪ್ರಮೈಡ್ ಈ ಕಾಯಿಲೆಯನ್ನು ಉಲ್ಬಣಗೊಳಿಸುತ್ತದೆ, ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಪಾರ್ಕಿನ್ಸನ್ ಇದೆಯೆಂದು ಮೊದಲೇ ಹೇಳಿ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕಾಗಿಯೇ ಮಾತ್ರೆಯ ಜೊತೆಗೆ ಅದರ ಪುಡಿಯನ್ನು ವೈದ್ಯರಿಗೆ ತಿಳಿಸದೆ ಕೊಡಬಾರದು.

ವಾರಕ್ಕೆ ಒಟ್ಟು 150 ನಿಮಿಷಗಳ ವ್ಯಾಯಾಮ ಒಳ್ಳೆಯ ಗುರಿ. ಕೈಗಳನ್ನು ಬೀಸಿ, ಹಿಮ್ಮಡಿ ಮೊದಲು ಊರಿ, ಬೇಕೆಂದೇ ದೊಡ್ಡ ಹೆಜ್ಜೆ ಹಾಕಿ ನಡೆಯುವುದು ಅದರಲ್ಲಿ ಮುಖ್ಯ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವಾರಕ್ಕೆರಡು ಬಾರಿಯಂತೆ 24 ವಾರ ತಾಯ್ ಚಿ ಎಂಬ, ನಿಧಾನ ಚಲನೆಗಳ ಚೀನೀ ವ್ಯಾಯಾಮದ ಅಭ್ಯಾಸ ಮಾಡಿದವರ ಸಮತೋಲನ ಉತ್ತಮಗೊಂಡಿತ್ತು. ತಾಯ್ ಚಿ ಕಲಿಸುವವರು ಹತ್ತಿರದಲ್ಲಿ ಇಲ್ಲದಿದ್ದರೆ ಫಿಸಿಯೊಥೆರಪಿಸ್ಟರ ಮಾರ್ಗದರ್ಶನದಲ್ಲಿ ಸಮತೋಲನದ ವ್ಯಾಯಾಮಗಳನ್ನು ಮಾಡಿಸಿ. ವಾಕರ್ ಕೊಳ್ಳುವ ಮೊದಲೂ ಅವರನ್ನೇ ಕೇಳಿ, ಏಕೆಂದರೆ ಪ್ರತಿ ಹೆಜ್ಜೆಗೂ ಎತ್ತಿಡಬೇಕಾದ ವಾಕರ್ ಈ ಕಾಯಿಲೆಯವರ ನಡಿಗೆಯನ್ನು ಇನ್ನಷ್ಟು ತಡೆಯಬಹುದು. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚುವ ಹಗುರವಾದ ಶೂ ಇರಲಿ. ಪಂಚೆ, ಸೀರೆಗಳು ಪಾದಕ್ಕೆ ತಾಗದಷ್ಟು ಮೇಲಿರಲಿ.

ಬಿದ್ದರೆ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ತಲೆಗೆ ಅಥವಾ ಸೊಂಟಕ್ಕೆ ಏಟಾಗಿದ್ದರೆ ಅಲುಗಿಸದೆ ಆಂಬ್ಯುಲೆನ್ಸ್ ಕರೆಸಿ. ಏಟಿಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ, ಮಂಡಿಯೂರಿ ಕೂರಿಸಿ, ಗಟ್ಟಿ ಕುರ್ಚಿಯನ್ನು ಮುಂದಿಟ್ಟು, ಅದರ ಮೇಲೆ ಕೈಯೂರಿ ಅವರೇ ಏಳುವಂತೆ ನೋಡಿಕೊಳ್ಳಿ. ಎರಡು ಮೂರು ದಿನಗಳಲ್ಲಿಯೇ ನಡಿಗೆ ತೀರಾ ಕೆಟ್ಟಿತೆಂದರೆ ಕಾಯಿಲೆ ಮುಂದುವರಿಯಿತೆಂದು ಕೈಚೆಲ್ಲಬೇಡಿ; ಮೂತ್ರದ ಸೋಂಕು, ಮಲಬದ್ಧತೆ ಅಥವಾ ಹೊಸದಾಗಿ ಸೇರಿದ ಮಾತ್ರೆ ಕಾರಣವಾಗಿರಬಹುದು, ಆ ದಿನವೇ ವೈದ್ಯರಿಗೆ ಫೋನ್ ಮಾಡಿ.