ಗುಂಡಿ ಹಾಕಲು ಏಳು ನಿಮಿಷ

ಮೊದಲ ವರ್ಷ ಶಿಶುವಿಹಾರದ ಮಕ್ಕಳಿಗೆ ಹಕ್ಕುಗಳನ್ನು ಹೇಳಿಕೊಡಲು ಚಾರ್ಟ್ ಮಾಡಿದ್ದೆ. ‘ಆಟ ನಮ್ಮ ಹಕ್ಕು’ ಅಂತ ಎಲ್ಲರ ಬಾಯಲ್ಲೂ ಹೇಳಿಸಿದೆ. ಗಿಳಿಪಾಠ ಚೆನ್ನಾಗಿಯೇ ಬಂತು. ಅವತ್ತೇ ಸಂಜೆ ಒಬ್ಬ ಹುಡುಗ “ನಾನೇ, ನಾನೇ” ಅನ್ನುತ್ತಿದ್ದರೂ, ಹೊತ್ತಾಯಿತೆಂದು ಅವನ ಸ್ವೆಟರಿನ ಗುಂಡಿಗಳನ್ನು ಪಟಪಟನೆ ನಾನೇ ಹಾಕಿಬಿಟ್ಟೆ. ಅವನು ಅಳಲಿಲ್ಲ. ಅಷ್ಟನ್ನೂ ಬಿಚ್ಚಿ ಮತ್ತೆ ಮೇಲಿನಿಂದ ಶುರುಮಾಡಿದ. ಏಳು ನಿಮಿಷ ಹಿಡಿಯಿತು. ಕೊನೆಗೆ ಒಂದು ಗುಂಡಿ ಮಿಕ್ಕಿತು!

ಮರುದಿನದಿಂದ ಮನೆಗೆ ಹೊರಡುವ ತಯಾರಿಯನ್ನು ಕಾಲು ಗಂಟೆ ಮುಂಚೆ ಶುರುಮಾಡಿದೆ. 1907ರಲ್ಲಿ ರೋಮ್‌ನಲ್ಲಿ ‘ಮಕ್ಕಳ ಮನೆ’ ಎಂಬ ಶಾಲೆ ತೆರೆದ ಮಾರಿಯಾ ಮಾಂಟೆಸ್ಸರಿ ಗುಂಡಿ ಹಾಕಿ ಕಲಿಯಲೆಂದೇ ಬಟ್ಟೆ ಬಿಗಿದ ಚೌಕಟ್ಟು ಬಳಸುತ್ತಿದ್ದರು. ನಾನು ಹಳೇ ಅಂಗಿಯನ್ನು ರಟ್ಟಿಗೆ ಬಿಗಿದುಕೊಂಡೆ. ಗುಂಡಿಯನ್ನು ಅರ್ಧ ತೂರಿಸು, ಇನ್ನೊಂದು ಕೈಯಿಂದ ಎಳೆ: ಇಷ್ಟನ್ನೇ ನಿಧಾನವಾಗಿ, ಮಾತಿಲ್ಲದೆ ಮಾಡಿ ತೋರಿಸಬೇಕು. ಮಾತಾಡಿದರೆ ಮಕ್ಕಳ ಕಣ್ಣು ಕೈಮೇಲಿರುವುದಿಲ್ಲ, ನಮ್ಮ ಮುಖದ ಮೇಲಿರುತ್ತದೆ.

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 54 ವಿಧಿಗಳಿವೆ. ನಾನು ಹಿಡಿದುಕೊಂಡದ್ದು 12ನೆಯದನ್ನು: ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೂ ಬೆಲೆ ಇರಬೇಕು. ಆಟಕ್ಕೆ ಮರಳೋ ನೀರೋ ಎಂದು ಬಾಟಲಿ ಮುಚ್ಚಳಗಳನ್ನು ಹಾಕಿಸಿ ಮತ ತೆಗೆದೆ. ನೀರು ಗೆದ್ದಿತು. ಒದ್ದೆಯಾಗುತ್ತಾರೆಂದು ನಾನು ಮರಳನ್ನೇ ಕೊಟ್ಟೆ. “ಮತ್ತೆ ಕೇಳಿದ್ದ್ಯಾಕೆ ಮಿಸ್?” ಎಂದಳು ಒಬ್ಬಳು. ಉತ್ತರ ಇರಲಿಲ್ಲ. ಈಗ ನಡೆಸಿಕೊಡಲು ಆಗುವುದನ್ನು ಮಾತ್ರ ಕೇಳುತ್ತೇನೆ. ಕೈ ತೊಳೆಯುವುದಕ್ಕೆ ಮತದಾನ ಇಲ್ಲ.

ವಿಜ್ಞಾನದಲ್ಲಿ ನನಗೆ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಒಂದೇ ಸೆಕೆಂಡಿನಷ್ಟು, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತಮ್ಮ ಅಧ್ಯಯನಗಳಲ್ಲಿ ಕಂಡುಕೊಂಡಿದ್ದರು. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ.

ಒಂದು ದಿನ ಟಬ್‌ಗೆ ಕ್ಲೇ ಉಂಡೆ ಹಾಕಿದೆವು. (ಎಣ್ಣೆ ಬೆರೆತ ಬಣ್ಣದ ಕ್ಲೇ ಬೇಕು, ಜೇಡಿಮಣ್ಣು ತಂದು ಟಬ್ಬೆಲ್ಲ ಕೆಸರಾಗಿತ್ತು.) ಮುಳುಗಿತು. “ಭಾರ ಇದೆ.” ಅದೇ ಉಂಡೆಯನ್ನು ಬಟ್ಟಲಿನಂತೆ ತಿದ್ದಿ ಬಿಟ್ಟರೆ ತೇಲಿತು. ಯಾಕೆ? ಒಂದು, ಎರಡು, ಮೂರು...

“ಅಗಲ ಆಯ್ತಲ್ಲ ಮಿಸ್, ನೀರಿಗೆ ಹಿಡ್ಕೊಳ್ಳೋಕೆ ಜಾಗ ಸಿಕ್ತು.”

ಅಂಚಿರುವ ಬಟ್ಟಲು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಬಲ್ಲದು, ಅದಕ್ಕೇ ತೇಲುತ್ತದೆ. ವಿವರಣೆ ನಾಲಿಗೆಯ ತುದಿಯಲ್ಲೇ ಇತ್ತು, ನುಂಗಿಕೊಂಡೆ. “ಹಾಗಾದ್ರೆ ಇನ್ನೂ ಅಗಲ ಮಾಡಿ ನೋಡೋಣ್ವಾ?” ಅಂದೆ. ಅವಳು ಕ್ಲೇಯನ್ನು ತಟ್ಟಿ ತಟ್ಟಿ ಹಾಳೆಯಷ್ಟು ಚಪ್ಪಟೆ ಮಾಡಿ ನೀರಿಗೆ ಬಿಟ್ಟಳು. ಅದು ಓರೆಯಾಗಿ ಜಾರಿ ತಳ ಸೇರಿತು. ಅವಳು ನನ್ನ ಕಡೆ ನೋಡಲಿಲ್ಲ. ತೋಳು ಒದ್ದೆ ಮಾಡಿಕೊಂಡು ಅದನ್ನು ಮೇಲೆತ್ತಿ, ಅಂಚನ್ನು ಸುತ್ತಲೂ ಮಡಿಸತೊಡಗಿದಳು.